ಕ್ಯಾನ್ಸರ್ ಟ್ರಯಲ್‌ನ ಸ್ಯಾಂಪಲ್: ಮೈಸೂರು, ಮಂಡ್ಯದಿಂದ ಯಾವುದನ್ನು, ಹೇಗೆ ಕಳಿಸಬೇಕು?

ಕ್ಯಾನ್ಸರ್ ಔಷಧಿಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಟ್ರಯಲ್ ನಡೆಯುವ ಆಸ್ಪತ್ರೆಯಲ್ಲಿ ರೋಗಿಯಿಂದ ರಕ್ತ ತೆಗೆಯುವುದು ಕೆಲವೇ ನಿಮಿಷದ ಕೆಲಸ. ಅದು ಕೆಡದೆ ಮುಂಬೈಗೋ ಸಿಂಗಪುರಕ್ಕೋ ತಲುಪುವಂತೆ ಮಾಡುವುದೇ ದೊಡ್ಡ ಕೆಲಸ. ಬೆಂಗಳೂರಿನವರಿಗೆ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. ಮೈಸೂರು, ಮಂಡ್ಯದವರಾದ ನಮಗೆ ಹಾಗಲ್ಲ. ಮೈಸೂರಿನಿಂದ ದೇವನಹಳ್ಳಿಗೆ ಸುಮಾರು 180 ಕಿಲೋಮೀಟರ್. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕೆಂಗೇರಿವರೆಗೆ ಬೇಗ ಹೋಗಬಹುದು. ಅಲ್ಲಿಂದಾಚೆ ಬೆಂಗಳೂರು ದಾಟುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು. ಹಾಗಾಗಿ ಟ್ರಯಲ್‌ನ ಲ್ಯಾಬ್ ಮ್ಯಾನುಯಲ್ (ಸ್ಯಾಂಪಲ್ ತೆಗೆದು ಕಳಿಸುವ ಕ್ರಮ ಬರೆದ ಕೈಪಿಡಿ) ‘ಎರಡರಲ್ಲಿ ಯಾವುದಾದರೂ ಸರಿ’ ಎಂದು ಬಿಟ್ಟಿರುವ ಕಡೆ ಬೆಂಗಳೂರಿನವರು ಆರಿಸಿದ್ದನ್ನೇ ನಾವೂ ಆರಿಸಿದರೆ ಕೆಲಸ ಕೆಡುತ್ತದೆ.

ಹೊಸದಾಗಿ ಕೋಆರ್ಡಿನೇಟರ್ ಆಗಿ ಸೇರಿದವರಿಗೆ, ಲ್ಯಾಬ್ ಟೆಕ್ನಿಷಿಯನ್‌ಗಳಿಗೆ, ಟ್ರಯಲ್ ಶುರುಮಾಡುವ ಯೋಚನೆಯಲ್ಲಿರುವ ಚಿಕ್ಕ ಆಸ್ಪತ್ರೆಗಳಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಟ್ರಯಲ್‌ನ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ನಾನು ಬರೆದದ್ದಕ್ಕೂ ಅದಕ್ಕೂ ಹೊಂದದಿದ್ದರೆ ಮ್ಯಾನುಯಲ್ ಹಿಡಿಯಿರಿ.

ಆಯ್ಕೆ ಮಾಡುವಾಗ ನಾನು ಮೊದಲು ದರ ನೋಡುವುದಿಲ್ಲ, ಕೊರಿಯರ್ ಹೆಸರನ್ನೂ ನೋಡುವುದಿಲ್ಲ. ಈ ಸ್ಯಾಂಪಲ್‌ಗೆ ಏನು ಆಗಿಬರುವುದಿಲ್ಲ ಎಂದು ಕೇಳಿಕೊಳ್ಳುತ್ತೇನೆ. ಗಡ್ಡೆಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗೆ ಬಿಸಿ ಆಗದು. ಜೀವಂತ ಕಣಗಳಿಗೆ ಚಳಿ ಆಗದು. ಸಾಧಾರಣ ಟ್ಯೂಬಿನ ರಕ್ತಕ್ಕೆ ಕಾಯುವುದು ಆಗದು. ಇದು ಗೊತ್ತಾದ ಮೇಲೆ ಲ್ಯಾಬ್ ತಲುಪಬೇಕಾದ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಸೂಜಿ ಚುಚ್ಚುವ ಗಂಟೆಗೆ ಬರಬೇಕು. ಡಬ್ಬ ಹೋಗುವ ದಾರಿ ಗೊತ್ತಾಗದೆ ರೋಗಿಯ ತೋಳಿಗೆ ಪಟ್ಟಿ ಕಟ್ಟಬಾರದು. ಇಷ್ಟು ಪಾಲಿಸಿದರೆ ಅರ್ಧ ತೊಂದರೆ ಬರುವುದೇ ಇಲ್ಲ.

ಬ್ಲಾಕೋ, ಸ್ಲೈಡೋ, ಹೊಸ ಬಯಾಪ್ಸಿಯೋ?

ಬಹಳಷ್ಟು ಟ್ರಯಲ್‌ಗಳು ಗಡ್ಡೆಯ ತುಂಡನ್ನು ಕೇಳುತ್ತವೆ. ಹಿಂದೆ ಆಪರೇಷನ್ ಅಥವಾ ಬಯಾಪ್ಸಿ ಆದಾಗ ಪೆಥಾಲಜಿ ವಿಭಾಗದವರು ಮಾಡಿಟ್ಟ ಮೇಣದ ಬ್ಲಾಕ್ ಇದ್ದರೆ ಅದನ್ನೇ ಕಳಿಸಬಹುದು. ಇಲ್ಲವೇ ಅದರಿಂದ ತೆಳುವಾಗಿ ಕೊಯ್ದು, ಬಣ್ಣ ಹಾಕದ ಸ್ಲೈಡ್‌ಗಳನ್ನು ಕಳಿಸಬಹುದು. ಎರಡೂ ಆಗದಿದ್ದರೆ ಹೊಸದಾಗಿ ಬಯಾಪ್ಸಿ.

ಬ್ಲಾಕ್ ನೋಡದವರಿಗಾಗಿ ಹೇಳುತ್ತೇನೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಕ್ಯಾಸೆಟ್. ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಕಂದು ಬಣ್ಣದ ಚುಕ್ಕೆಯಂಥ ತುಂಡು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಂಬರ್. ರೋಗಿಯ ಕಾಯಿಲೆಯ ಪೂರ್ತಿ ಗುರುತು ಅದರಲ್ಲಿದೆ. ಮುಂದೆ ಬೇರೆ ಡಾಕ್ಟರ್ ಹತ್ತಿರ ಹೋದರೂ ಅದೇ ಬೇಕು. ಮಂಡ್ಯ ಕಡೆಯ ಒಬ್ಬ ಹುಡುಗ ತಾಯಿಯ ಬ್ಲಾಕ್ ತಂದುಕೊಡುವಾಗ ಕೇಳಿದ್ದ: “ಮೇಡಂ, ಇದನ್ನ ನಿಮಗೆ ಕೊಟ್ಬಿಟ್ರೆ, ನಾಳೆ ಕಿದ್ವಾಯಿಗೆ ಹೋದಾಗ ಅವರು ಕೇಳಿದ್ರೆ ಏನ್ ಕೊಡೋದು?” ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಬ್ಲಾಕ್ ವಾಪಸ್ ಬರುತ್ತದೆಯೇ, ಯಾವಾಗ, ಯಾರ ಖರ್ಚಿನಲ್ಲಿ ಎಂಬುದು ಕಳಿಸುವ ಮೊದಲೇ ಕಾಗದದ ಮೇಲೆ ಇರಬೇಕು. ಇಲ್ಲದಿದ್ದರೆ ಕಳಿಸಬೇಡಿ.

ಬ್ಲಾಕ್ ಕಳಿಸಿದರೆ ಲ್ಯಾಬ್‌ಗೆ ಅನುಕೂಲ. ತಮಗೆ ಬೇಕಾದಾಗ ಬೇಕಾದಷ್ಟು ಕೊಯ್ದುಕೊಳ್ಳುತ್ತಾರೆ. ಮೇಣದೊಳಗಿರುವ ತನಕ ಅಂಗಾಂಶ ಗಾಳಿಗೆ ತೆರೆದುಕೊಳ್ಳುವುದಿಲ್ಲ, ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಸ್ಲೈಡ್ ಹಾಗಲ್ಲ. 4ರಿಂದ 5 ಮೈಕ್ರಾನ್ ದಪ್ಪಕ್ಕೆ ಕೊಯ್ದ ಕ್ಷಣದಿಂದ ಗಾಳಿ ತಾಗಲು ಶುರು. ಯಾವ ಔಷಧಿ ಹಿಡಿಯಬಹುದು ಎಂದು ತಿಳಿಯಲು ನೋಡುವ ಪಿಡಿ-ಎಲ್1, ಹಾರ್ಮೋನ್ ರಿಸೆಪ್ಟರ್ ಇಂಥ ಪ್ರೋಟೀನ್‌ಗಳ ಬಣ್ಣ ದಿನ ಕಳೆದಂತೆ ಮಂಕಾಗುತ್ತದೆ. ಅದಕ್ಕೇ ಮ್ಯಾನುಯಲ್‌ಗಳಲ್ಲಿ ‘ಕೊಯ್ದು ಇಷ್ಟು ದಿನದೊಳಗೆ ತಲುಪಬೇಕು’ ಎಂಬ ಗಡುವು ಇರುತ್ತದೆ. ಕೊಯ್ದ ತಾರೀಖು ಸ್ಲೈಡ್ ಡಬ್ಬದ ಮೇಲೆ ಇಲ್ಲದಿದ್ದರೆ ವಾಪಸ್ ಬರುವುದೂ ಉಂಟು.

ಹಾಗಾದರೆ ಯಾವಾಗಲೂ ಬ್ಲಾಕೇ ಮೇಲಾ? ಇಲ್ಲ. ನಾನು ಹೀಗೆ ನೋಡುತ್ತೇನೆ. ಆಪರೇಷನ್ ಆಗಿ, ಒಂದೇ ಗಡ್ಡೆಯಿಂದ ಐದಾರು ಬ್ಲಾಕ್ ಇದ್ದರೆ, ಚೆನ್ನಾಗಿರುವ ಒಂದನ್ನು ಕಳಿಸಿ, ಉಳಿದದ್ದು ಇಲ್ಲೇ ಇರಲಿ. ಸೂಜಿ ಬಯಾಪ್ಸಿಯ ಒಂದೇ ಒಂದು ಬ್ಲಾಕ್ ಇದ್ದರೆ ಸ್ಲೈಡ್ ಕಳಿಸಿ. ಅದೂ ಎಲ್ಲವನ್ನೂ ಒಂದೇ ಸಲಕ್ಕೆ ಕೊಯ್ಯಿಸಿ. ಇವತ್ತು ಹತ್ತು, ಮುಂದಿನ ವಾರ ಐದು ಎಂದು ಬ್ಲಾಕನ್ನು ಮತ್ತೆ ಮತ್ತೆ ಕೊಯ್ಯುವ ಯಂತ್ರವಾದ ಮೈಕ್ರೋಟೋಮ್‌ಗೆ ಏರಿಸಿದರೆ, ಪ್ರತಿ ಸಲ ಮೇಲ್ಮೈ ಸಮ ಮಾಡುವುದರಲ್ಲೇ ಒಂದಷ್ಟು ಅಂಗಾಂಶ ಉದುರಿಹೋಗುತ್ತದೆ. ಸೂಜಿ ಬಯಾಪ್ಸಿಯಲ್ಲಿ ಇರುವುದೇ ದಾರದಷ್ಟು. ಪೆಥಾಲಜಿಯವರಿಗೆ ಟ್ರಯಲ್‌ಗೆ ಬೇಕಾದ ಒಟ್ಟು ಸ್ಲೈಡ್ ಎಷ್ಟು ಎಂದು ಒಮ್ಮೆಗೇ ಹೇಳಿಬಿಡಿ. ಮೊದಲ ಸ್ಲೈಡ್‌ಗೆ ಬಣ್ಣ ಹಾಕಿಸಿ, ಅದರಲ್ಲಿ ಕ್ಯಾನ್ಸರ್ ಕಣಗಳು ಇನ್ನೂ ಇವೆಯಾ ಎಂದು ನೋಡಿಸಿ. ಎಷ್ಟೋ ಸಲ ಹಳೆಯ ಬ್ಲಾಕ್‌ನಲ್ಲಿ ಗಡ್ಡೆಯ ಭಾಗ ಮುಗಿದು ಬರೀ ಸುತ್ತಲಿನ ಅಂಗಾಂಶ ಉಳಿದಿರುತ್ತದೆ. ಪಿಡಿ-ಎಲ್1 ಪರೀಕ್ಷೆಗೆ ಸಾಮಾನ್ಯವಾಗಿ ಕನಿಷ್ಠ 100 ಜೀವಂತ ಸ್ಥಿತಿಯ ಕ್ಯಾನ್ಸರ್ ಕಣ ಕಾಣಬೇಕು.

ಬ್ಲಾಕ್‌ನ ಪೂರ್ವಾಪರ ವಿಚಾರಿಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೇಣ ನೋಡಲು ಚೆನ್ನಾಗಿದ್ದರೂ ಒಳಗಿನ ತುಂಡು ಸರಿಯಾಗಿ ಫಾರ್ಮಲಿನ್ (ಕೊಳೆಯದಂತೆ ಕಾಪಾಡುವ ದ್ರಾವಣ) ಕುಡಿದಿರದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಇದಕ್ಕೆ ಸ್ಪಷ್ಟ ನಿಯಮವಿದೆ: ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹೋಗಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಫಾರ್ಮಲಿನ್ ತುಂಡಿನ ಹತ್ತು ಪಟ್ಟಾದರೂ ಇರಬೇಕು, ಮತ್ತು ಅದು ಬಫರ್ ಸೇರಿಸಿದ 10 ಶೇಕಡಾ ಫಾರ್ಮಲಿನ್ ಆಗಿರಬೇಕು. ತಾಲ್ಲೂಕು ಊರಿನ ನರ್ಸಿಂಗ್ ಹೋಮ್‌ನಲ್ಲಿ ಶನಿವಾರ ಆಪರೇಷನ್ ಆಗಿ, ಗಡ್ಡೆಯನ್ನು ಚಿಕ್ಕ ಬಾಟಲಿಗೆ ತುರುಕಿ, ಅದು ಸೋಮವಾರ ಸಂಜೆ ಮೈಸೂರು ತಲುಪಿದರೆ ನಡುವಿನ ಭಾಗ ಕೊಳೆತಿರುತ್ತದೆ. ದೊಡ್ಡ ಗಡ್ಡೆಯನ್ನು ಸೀಳದೆ ಹಾಕಿದರೂ ಅಷ್ಟೇ, ಏಕೆಂದರೆ ಫಾರ್ಮಲಿನ್ ಒಳಕ್ಕೆ ಇಳಿಯುವುದು ಗಂಟೆಗೆ ಒಂದು ಮಿಲಿಮೀಟರ್ ಆಸುಪಾಸು. ಎರಡು ಬ್ಲಾಕ್ ಇದ್ದು ಒಂದು ಫಾರ್ಮಲಿನ್‌ಗೆ ಹೋದ, ಹೊರಬಂದ ಹೊತ್ತು ದಾಖಲಾಗಿದ್ದರೆ, ಅದು ಚಿಕ್ಕದಾದರೂ ಅದನ್ನೇ ಆರಿಸಿ. ಮೂಳೆಗೆ ಹರಡಿದ ಗಡ್ಡೆಯ ಬ್ಲಾಕ್ ಆದರೆ ಮೂಳೆ ಮೆದು ಮಾಡಲು ಏನು ಬಳಸಿದ್ದರು ಎಂದು ಕೇಳಿ. ಪ್ರಬಲ ಆಸಿಡ್ ಬಳಸಿದ್ದರೆ ಡಿಎನ್‌ಎ ಪರೀಕ್ಷೆಗೆ ಅದು ಆಗದು. ಇಡಿಟಿಎ ಎಂಬ ಸೌಮ್ಯ ರಾಸಾಯನಿಕ ಬಳಸಿದ್ದರೆ ಆದೀತು.

ಹೊಸ ಬಯಾಪ್ಸಿ ಯಾವಾಗ? ಹಳೆಯದರ ನಂತರ ಚಿಕಿತ್ಸೆಯಾಗಿ ಗಡ್ಡೆಯ ಗುಣವೇ ಬದಲಾಗಿರಬಹುದು ಎಂದಿರುವಾಗ, ಅಥವಾ ಟ್ರಯಲ್ ಹೊಸದನ್ನೇ ಕಡ್ಡಾಯ ಮಾಡಿದಾಗ. ಆಗಲೂ ಎಫ್‌ಎನ್‌ಎಸಿ ಎಂಬ ತೆಳು ಸೂಜಿಯಲ್ಲಿ ಎಳೆದ ಬಿಡಿ ಕಣಗಳನ್ನು ಬಹಳಷ್ಟು ಟ್ರಯಲ್ ಒಪ್ಪುವುದಿಲ್ಲ, ದಪ್ಪ ಸೂಜಿಯಲ್ಲಿ ತುಂಡನ್ನೇ ತೆಗೆಯುವ ಕೋರ್ ಬಯಾಪ್ಸಿ ಬೇಕು. ಹಳೆಯ ಬ್ಲಾಕ್ ಬೇರೆ ಆಸ್ಪತ್ರೆಯಲ್ಲಿದೆ, ಹುಡುಕಿ ತರುವುದು ರಗಳೆ ಎಂಬ ಒಂದೇ ಕಾರಣಕ್ಕೆ ರೋಗಿಯನ್ನು ಮತ್ತೆ ಸೂಜಿಯ ಕೆಳಗೆ ಮಲಗಿಸುವುದು ತಪ್ಪು. ಶ್ವಾಸಕೋಶದ ಬಯಾಪ್ಸಿಯಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಸಿಯುವ ಅಪಾಯ ನಿಜವಾದದ್ದು. ಬ್ಲಾಕ್ ತರಲು ಇನ್ನೊಂದು ಪತ್ರ ಬರೆಯಿರಿ, ಖುದ್ದಾಗಿ ಹೋಗಿ, ಫೋನ್ ಮಾಡುತ್ತಲೇ ಇರಿ.

ರಕ್ತ: ನೇರಳೆ ಮುಚ್ಚಳವೋ, ವಿಶೇಷ ಟ್ಯೂಬೋ?

ರಕ್ತದಲ್ಲಿ ತೇಲುವ ಕ್ಯಾನ್ಸರ್ ಡಿಎನ್‌ಎ ನೋಡುವ ಪರೀಕ್ಷೆಗೆ ಎರಡು ದಾರಿ. ಒಂದು, ಎಲ್ಲ ಲ್ಯಾಬ್‌ನಲ್ಲೂ ಸಿಗುವ ನೇರಳೆ ಮುಚ್ಚಳದ, ರಕ್ತ ಗಟ್ಟಿಯಾಗದಂತೆ ಇಡಿಟಿಎ ಹಾಕಿದ ಟ್ಯೂಬ್. ಇನ್ನೊಂದು, ಕಣಗಳು ಒಡೆಯದಂತೆ ಹಿಡಿದಿಡುವ ದ್ರಾವಣ ತುಂಬಿದ ವಿಶೇಷ ಟ್ಯೂಬ್. ಸ್ಟ್ರೆಕ್ ಕಂಪನಿಯದು ಹೆಚ್ಚು ಬಳಕೆಯಲ್ಲಿದೆ.

ಇಡಿಟಿಎ ಅಗ್ಗ. ಆದರೆ ತೆಗೆದ ಕೆಲವೇ ಗಂಟೆಯೊಳಗೆ ಟ್ಯೂಬನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ (ರಕ್ತದ ತಿಳಿ ಭಾಗ) ಬೇರೆ ಮಾಡಬೇಕು. ಎರಡರಿಂದ ನಾಲ್ಕು ಗಂಟೆ ಒಳ್ಳೆಯದು, ಆರು ದಾಟಿದರೆ ಬೇಡವೇ ಬೇಡ. ಕಾರಣ ಇಷ್ಟೇ: ಟ್ಯೂಬಿನಲ್ಲಿ ಕೂತ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಸುರಿಯುತ್ತವೆ. ಹುಡುಕಬೇಕಾದ ಕ್ಯಾನ್ಸರ್ ಡಿಎನ್‌ಎ ಮೊದಲೇ ತೀರಾ ಕಡಿಮೆ. ಅದು ಆ ರಾಶಿಯಲ್ಲಿ ಮುಳುಗಿಹೋಗುತ್ತದೆ. ಪ್ಲಾಸ್ಮಾ ಬೇರೆ ಮಾಡುವುದೂ ಒಂದೇ ಸುತ್ತಿನ ಕೆಲಸವಲ್ಲ. ಸಾಮಾನ್ಯವಾಗಿ 1,600 ಜಿಯಲ್ಲಿ (ಭೂಮಿಯ ಸೆಳೆತದ ಅಷ್ಟು ಪಟ್ಟು ಬಲದಲ್ಲಿ) ಹತ್ತು ನಿಮಿಷ, ಮೇಲಿನ ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ತೆಗೆದು 16,000 ಜಿಯಲ್ಲಿ ಮತ್ತೆ ಹತ್ತು ನಿಮಿಷ. ಮೊದಲ ಸುತ್ತಿನಲ್ಲಿ ನಡುವೆ ಕೂರುವ ಬಿಳಿ ಪದರವನ್ನು ಪಿಪೆಟ್ ಮುಟ್ಟಬಾರದು. ಅಲ್ಲಿ ಆಸೆ ಪಡಬೇಡಿ, ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟೇ ತೆಗೆಯಿರಿ. ಎರಡನೇ ಸುತ್ತಿಗೆ ಬೇಕಾದ ವೇಗದ ಸೆಂಟ್ರಿಫ್ಯೂಜ್ ಎಲ್ಲ ಲ್ಯಾಬ್‌ನಲ್ಲೂ ಇರುವುದಿಲ್ಲ. ಆಮೇಲೆ ಮೈನಸ್ 80 ಡಿಗ್ರಿ ಫ್ರೀಜರ್ ಬೇಕು, ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ಬೇಕು.

ವಿಶೇಷ ಟ್ಯೂಬಿಗೆ ಇದ್ಯಾವುದೂ ಬೇಡ. ತುಂಬುವ ತನಕ ರಕ್ತ ತೆಗೆದು, ಎಂಟು ಹತ್ತು ಸಲ ನಿಧಾನಕ್ಕೆ ತಲೆಕೆಳಗು ಮಾಡಿ ಹಾಗೇ ಕಳಿಸಿ. ಸ್ಟ್ರೆಕ್ ಟ್ಯೂಬಿನಲ್ಲಿ ಈ ಡಿಎನ್‌ಎ 6ರಿಂದ 37 ಡಿಗ್ರಿಯೊಳಗೆ 14 ದಿನದವರೆಗೆ ಇರುತ್ತದೆ ಎಂದು ತಯಾರಕರು ಹೇಳುತ್ತಾರೆ. ಕೆಲವು ಬೇರೆ ಬ್ರ್ಯಾಂಡ್‌ಗಳಿಗೆ ಏಳೇ ದಿನ, ಅದೂ 25 ಡಿಗ್ರಿ ದಾಟಬಾರದು. ಲೇಬಲ್ ಓದಿ. ಟ್ಯೂಬಿನ ಅವಧಿ ಮುಗಿದಿದೆಯಾ ಎಂದೂ ನೋಡಿ.

ಮೈಸೂರು, ಮಂಡ್ಯದವರಿಗೆ ನನ್ನ ಸಲಹೆ ಸ್ಪಷ್ಟ. ಟ್ರಯಲ್ ಎರಡನ್ನೂ ಒಪ್ಪಿದರೆ ವಿಶೇಷ ಟ್ಯೂಬನ್ನೇ ಆರಿಸಿ. ದರ ಜಾಸ್ತಿ, ನಿಜ. ಆದರೆ ಡ್ರೈ ಐಸ್ ಖರ್ಚು ಉಳಿಯುತ್ತದೆ, ಶುಕ್ರವಾರ ಕಳಿಸಿದ್ದು ವಾರದ ಕೊನೆಯ ರಜೆಯಲ್ಲಿ ಕಾದು ಕೆಡುತ್ತದೆ ಎಂಬ ಭಯ ಇರುವುದಿಲ್ಲ. ಮುಖ್ಯವಾಗಿ, ವಾಹನ ಮದ್ದೂರು ಹತ್ತಿರ ಕೆಟ್ಟು ನಿಂತರೂ ರೋಗಿಯ ರಕ್ತ ಹಾಳಾಗುವುದಿಲ್ಲ. ಎರಡು ಎಚ್ಚರಿಕೆ ಮಾತ್ರ. ಇದನ್ನು ಫ್ರಿಜ್‌ಗೂ ಇಡಬಾರದು, ಹೆಪ್ಪುಗಟ್ಟಿದ ಜೆಲ್ ಪ್ಯಾಕ್ ಪಕ್ಕಕ್ಕೂ ಇಡಬಾರದು. ಮತ್ತು ಏಪ್ರಿಲ್ ಬಿಸಿಲಿನಲ್ಲಿ ನಿಂತ ವ್ಯಾನಿನ ಒಳಗೆ 37 ಡಿಗ್ರಿ ಸುಲಭವಾಗಿ ದಾಟುತ್ತದೆ. ಹಾಗಾಗಿ ‘ರೂಮ್ ಟೆಂಪರೇಚರ್ ಅಲ್ವಾ’ ಎಂದು ಬರೀ ರಟ್ಟಿನ ಡಬ್ಬದಲ್ಲಿ ಕಳಿಸಬೇಡಿ. ದಪ್ಪ ಥರ್ಮಾಕೋಲ್ ಡಬ್ಬ, ಒಳಗೆ ರೂಮಿನ ತಾಪಕ್ಕೆ ಹದ ಮಾಡಿದ ಪ್ಯಾಕ್ ಇರಲಿ.

ಜೀವಂತ ರೋಗನಿರೋಧಕ ಕಣ ಬೇಕೆನ್ನುವ ಟ್ರಯಲ್‌ಗೆ ಈ ವಿಶೇಷ ಟ್ಯೂಬ್ ನಡೆಯುವುದಿಲ್ಲ. ಅದಕ್ಕೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಇದಕ್ಕೆ ಚಳಿ ಶತ್ರು, ತಡವೂ ಶತ್ರು. 24 ಗಂಟೆಯೊಳಗೆ ಕಣ ಬೇರೆ ಮಾಡಬೇಕು, ಕೆಲವು ಮ್ಯಾನುಯಲ್ ಎಂಟೇ ಗಂಟೆ ಎನ್ನುತ್ತವೆ. ನಿಮ್ಮಲ್ಲೇ ತರಬೇತಿ ಪಡೆದವರೂ ದ್ರವ ಸಾರಜನಕವೂ ಇದ್ದರೆ ಇಲ್ಲೇ ಮಾಡಿ. ಇಲ್ಲದಿದ್ದರೆ ಬೆಳಿಗ್ಗೆ ಎಂಟು ಒಂಬತ್ತರೊಳಗೆ ರಕ್ತ ತೆಗೆದು ಅವತ್ತೇ ಬೆಂಗಳೂರಿನ ಲ್ಯಾಬ್‌ಗೆ ವಾಹನದಲ್ಲಿ ಕಳಿಸಿ. ಸೋಮವಾರದಿಂದ ಬುಧವಾರದವರೆಗೆ ಮಾತ್ರ ಇಟ್ಟುಕೊಂಡರೆ ನೆಮ್ಮದಿ.

ಔಷಧಿ ದೇಹದಲ್ಲಿ ಎಷ್ಟಿದೆ ಎಂದು ನೋಡುವ ಪಿಕೆ ಸ್ಯಾಂಪಲ್‌ನಲ್ಲಿ ಆಯ್ಕೆಗೆ ಜಾಗವೇ ಕಡಿಮೆ. ಔಷಧಿ ಹರಿಯುತ್ತಿರುವ ತೋಳಿನಿಂದ ತೆಗೆಯಬಾರದು, ಇನ್ನೊಂದು ತೋಳಿನಿಂದ ತೆಗೆಯಬೇಕು. ಗಡಿಯಾರ ನೋಡಿ ನಿಜವಾದ ಸಮಯ ಬರೆಯಬೇಕು. ಹತ್ತು ಗಂಟೆಗೆ ತೆಗೆಯಬೇಕಿತ್ತು, ಹತ್ತು ಏಳಕ್ಕೆ ತೆಗೆದಿರಿ ಎಂದರೆ 10:07 ಎಂದೇ ಬರೆಯಿರಿ.

ಮಂಡ್ಯದಲ್ಲೇ ತೆಗೆಯುವುದೋ, ಮೈಸೂರಿಗೆ ಕರೆಸುವುದೋ?

ಪಾಂಡವಪುರ, ಮಳವಳ್ಳಿ, ನಾಗಮಂಗಲ ಕಡೆಯಿಂದ ಮೈಸೂರಿಗೆ ಬರುವ ರೋಗಿಗೆ ಒಂದು ಟ್ಯೂಬ್ ರಕ್ತಕ್ಕಾಗಿ ಒಂದು ದಿನ ಹೋಗುತ್ತದೆ. ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಟ್ರಯಲ್ ಪ್ರಯಾಣದ ಖರ್ಚು ಕೊಟ್ಟರೂ ಕೀಮೋ ಆದ ಮೈಗೆ ಬಸ್ಸಿನ ದಣಿವು ತಪ್ಪುವುದಿಲ್ಲ. ವಿಶೇಷ ಟ್ಯೂಬ್ ಆದರೆ ಮಂಡ್ಯದಲ್ಲೇ ತೆಗೆಯುವುದು ಎಲ್ಲ ರೀತಿಯಲ್ಲೂ ಮೇಲು. ಇಡಿಟಿಎ ಆದರೂ ಮಂಡ್ಯದಿಂದ ಮೈಸೂರು 45 ಕಿಲೋಮೀಟರ್ ಆಸುಪಾಸು, ಒಂದು ಗಂಟೆ. ಸೆಂಟ್ರಿಫ್ಯೂಜ್ ಮುಂದೆ ಆಳು ಕಾಯುತ್ತಿದ್ದರೆ ಸಾಕಾಗುತ್ತದೆ. ಪಿಕೆ ಆದರೆ ಔಷಧಿ ಕೊಡುವ ಕಡೆಯೇ ತೆಗೆಯಬೇಕು.

ಆದರೆ ಮಂಡ್ಯದಲ್ಲಿ ಗೊತ್ತಿರುವ ಲ್ಯಾಬ್ ಇದೆ, ಅಲ್ಲಿ ತೆಗೆಸಿಬಿಡೋಣ ಎಂದು ಸುಮ್ನೆ ಮಾಡುವಂತಿಲ್ಲ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಒಪ್ಪಿಗೆ ಸಿಕ್ಕ ಕೇಂದ್ರದಲ್ಲೇ ಟ್ರಯಲ್ ನಡೆಯಬೇಕು. ಬೇರೆ ಕಡೆ ರಕ್ತ ತೆಗೆಯುವುದಿದ್ದರೆ ಅದು ಟ್ರಯಲ್‌ನ ಲಿಖಿತ ಯೋಜನೆಯಾದ ಪ್ರೋಟೋಕಾಲ್‌ನಲ್ಲಿರಬೇಕು, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೆ ಗೊತ್ತಿರಬೇಕು, ತೆಗೆಯುವವರ ಹೆಸರು ಜವಾಬ್ದಾರಿ ಪಟ್ಟಿಯಲ್ಲಿರಬೇಕು. ಟ್ರಯಲ್ ಶುರುವಾಗುವ ಮೊದಲೇ ಇದನ್ನು ಟ್ರಯಲ್ ನಡೆಸುವ ಸಂಸ್ಥೆಯಾದ ಸ್ಪಾನ್ಸರ್ ಮುಂದಿಡಿ. ನಡುವೆ ಕೇಳಿದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ಎಷ್ಟು ತಂಪು ಬೇಕು?

ರೂಮ್ ತಾಪ, ಫ್ರಿಜ್ ತಾಪ, ಡ್ರೈ ಐಸ್, ದ್ರವ ಸಾರಜನಕ. ತಂಪು ಜಾಸ್ತಿಯಾದಷ್ಟೂ ಸುರಕ್ಷಿತ ಎಂಬ ನಂಬಿಕೆ ಬಹಳ ಕಡೆ ಇದೆ. ಅದು ತಪ್ಪು. ಇಡೀ ರಕ್ತ ಹೆಪ್ಪುಗಟ್ಟಿದರೆ ಕೆಂಪು ಕಣ ಒಡೆದು ಎಲ್ಲ ಮುಗಿದಂತೆ.

2ರಿಂದ 8 ಡಿಗ್ರಿ ಎಂದಿದ್ದರೆ, ಫ್ರೀಜರ್‌ನಿಂದ ತೆಗೆದ ಜೆಲ್ ಪ್ಯಾಕನ್ನು ನೇರವಾಗಿ ಟ್ಯೂಬಿಗೆ ಒತ್ತಿ ಇಡಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು, ಮೈಮೇಲೆ ನೀರು ಬೆವರಿದ ಮೇಲೆ, ನಡುವೆ ಒಂದು ಪದರ ಕೊಟ್ಟು ಇಡಿ. ಬ್ಲಾಕ್ ಮತ್ತು ಸ್ಲೈಡ್ ಸಾಧಾರಣ ತಾಪದಲ್ಲೇ ಹೋಗುತ್ತವೆ. ಆದರೆ ಮೇಣ ಕರಗುವುದು 56ರಿಂದ 60 ಡಿಗ್ರಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಬ್ಲಾಕ್ ಜೊತೆ ಒಂದು ತಂಪು ಪ್ಯಾಕ್ ಹಾಕಿ.

ಹೆಪ್ಪುಗಟ್ಟಿಸಿದ ಪ್ಲಾಸ್ಮಾ, ಸೀರಂಗೆ ಡ್ರೈ ಐಸ್. ಅದರ ತಾಪ ಮೈನಸ್ 78.5 ಡಿಗ್ರಿ. ಥರ್ಮಾಕೋಲ್ ಡಬ್ಬದಲ್ಲಿ ದಿನಕ್ಕೆ ಸುಮಾರು 2ರಿಂದ 5 ಕೆಜಿ ಆವಿಯಾಗಿ ಹೋಗುತ್ತದೆ. ಆದ್ದರಿಂದ ದಾರಿಗೆ ಹಿಡಿಯುವ ದಿನಕ್ಕೆ ಇನ್ನೊಂದು ದಿನ ಸೇರಿಸಿ ತುಂಬಬೇಕು. ಕೈಗವಸು ಹಾಕಿಕೊಂಡು ತಳಕ್ಕೆ ಒಂದು ಪದರ ಸುರಿಯಿರಿ. ಸ್ಯಾಂಪಲ್ ಡಬ್ಬಿಯನ್ನು ನಡುವೆ ಇಟ್ಟು, ಐಸ್ ಕರಗಿದ ಮೇಲೂ ಅದು ಅಲ್ಲಾಡದಂತೆ ರಟ್ಟಿನ ಆಸರೆ ಕೊಡಿ. ಸುತ್ತ, ಮೇಲೆ ತುಂಬಿ. ಥರ್ಮಾಕೋಲ್ ಮುಚ್ಚಳಕ್ಕೆ ಟೇಪ್ ಸುತ್ತಬೇಡಿ, ಹೊರಗಿನ ರಟ್ಟಿನ ಡಬ್ಬಕ್ಕೆ ಮಾತ್ರ ಟೇಪ್. ಗಾಳಿಯಾಡದಂತೆ ಬಿಗಿದರೆ ಒಳಗಿನ ಗ್ಯಾಸ್ ಡಬ್ಬವನ್ನು ಸಿಡಿಸುತ್ತದೆ. ಕಾರಿನಲ್ಲಿ ಒಯ್ಯುವುದಾದರೆ ಕಿಟಕಿ ತೆರೆದಿರಲಿ, ಎಸಿ ಹಾಕಿ ಮುಚ್ಚಿಕೊಂಡು ಹೋಗಬೇಡಿ. ಆ ಗ್ಯಾಸ್ ಉಸಿರು ಕಟ್ಟಿಸುತ್ತದೆ.

ಜೀವಂತ ಕಣಗಳನ್ನು ಹೆಪ್ಪುಗಟ್ಟಿಸಿದ್ದರೆ ಡ್ರೈ ಐಸ್ ಸಾಲದು. ದ್ರವ ಸಾರಜನಕವನ್ನು ಗೋಡೆಯಲ್ಲಿ ಹೀರಿಕೊಂಡಿರುವ ಡ್ರೈ ಶಿಪ್ಪರ್ ಬೇಕು. ಅದು ದುಬಾರಿ, ಕೊರಿಯರ್ ಕಂಪನಿಯೇ ತಂದುಕೊಡುತ್ತದೆ, ದಿನಗಟ್ಟಲೆ ತಾಳುತ್ತದೆ, ನೆಟ್ಟಗೇ ನಿಂತಿರಬೇಕು. ನಮ್ಮ ಕಡೆಯ ಹೆಚ್ಚಿನ ಟ್ರಯಲ್‌ಗೆ ಅದರ ಅಗತ್ಯ ಬೀಳುವುದು ಕಡಿಮೆ.

ಯಾವ ದಾರಿ?

ಸ್ಪಾನ್ಸರ್ ಗೊತ್ತುಮಾಡಿದ ವೈದ್ಯಕೀಯ ಕೊರಿಯರ್ ಆಸ್ಪತ್ರೆ ಬಾಗಿಲಿಗೇ ಬಂದು ಒಯ್ಯುವುದಾದರೆ ಅದೇ ಮೊದಲ ಆಯ್ಕೆ. ಕೇಳಬೇಕಾದ ಪ್ರಶ್ನೆ ಒಂದೇ: ವಾಹನ ಮೈಸೂರಿನಿಂದಲೇ ಹೊರಡುತ್ತದೋ, ಬೆಂಗಳೂರಿನಿಂದ ಬರುತ್ತದೋ? ಬೆಂಗಳೂರಿನಿಂದ ಬರುವುದಾದರೆ ಹಿಂದಿನ ದಿನವೇ ಬುಕ್ ಮಾಡಬೇಕು, ಮತ್ತು ಅವತ್ತು ಸಂಜೆಯ ವಿಮಾನ ಸಿಗುವಂತೆ ಬೆಳಿಗ್ಗೆಯೇ ರಕ್ತ ತೆಗೆಯಬೇಕು. ಮೈಸೂರಿನದೇ ಆದ ಮಂಡಕಳ್ಳಿ ವಿಮಾನ ನಿಲ್ದಾಣವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ವಿಮಾನಗಳು ಕಡಿಮೆ.

ಆಸ್ಪತ್ರೆಯ ವಾಹನದಲ್ಲಿ ಸಿಬ್ಬಂದಿಯೇ ಬೆಂಗಳೂರಿಗೆ ಒಯ್ಯುವುದು ಎರಡನೆಯದು. ಹೊತ್ತು ನಿಮ್ಮ ಕೈಯಲ್ಲಿರುತ್ತದೆ ಎಂಬುದೇ ಇದರ ದೊಡ್ಡ ಗುಣ. ಬೈಕಿನಲ್ಲಿ ಹುಡುಗನನ್ನು ಕಳಿಸುವ ಯೋಚನೆ ಬಿಡಿ. 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಕೆಎಸ್‌ಆರ್‌ಟಿಸಿಯ ಪಾರ್ಸೆಲ್ ಸೇವೆ ಬೇರೆ ಸಾಮಾನಿಗೆ ಒಳ್ಳೆಯದು. ಇದಕ್ಕಲ್ಲ. ತಾಪದ ದಾಖಲೆ ಇರುವುದಿಲ್ಲ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸಹಿ ಇರುವುದಿಲ್ಲ.

ರೋಗಿಯ ಮನೆಯವರ ಕೈಯಲ್ಲಿ ಕಳಿಸುವುದು ನಮ್ಮ ಕಡೆ ತೀರಾ ಸಾಮಾನ್ಯ. ಒಂದು ಆಸ್ಪತ್ರೆಯಿಂದ ಬಂದ ಬ್ಲಾಕನ್ನು ಕ್ಯಾರಿ ಬ್ಯಾಗಿನಲ್ಲಿ, ಹತ್ತಿಯಲ್ಲಿ ಸುತ್ತಿ ಕೊಟ್ಟಿದ್ದನ್ನು ನೋಡಿದ್ದೇನೆ. ಮೇಣ ಮೆತ್ತಗಾಗಿ ಹತ್ತಿಯ ನೂಲೆಲ್ಲ ಅಂಟಿತ್ತು. ತಂದುಕೊಟ್ಟ ಅಣ್ಣನದೇನೂ ತಪ್ಪಿಲ್ಲ, ಹಾಗೆ ಕೊಟ್ಟವರದು. ಟ್ರಯಲ್ ಸ್ಯಾಂಪಲ್‌ನ ಹೊರೆಯನ್ನು ಮನೆಯವರ ಮೇಲೆ ಹಾಕಬೇಡಿ. ಹಳೆಯ ಆಸ್ಪತ್ರೆಯಿಂದ ಬ್ಲಾಕ್ ತರಲು ಅವರೇ ಹೋಗಬೇಕಾಗಿ ಬಂದರೆ, ಸ್ಲೈಡ್ ಹಾಕುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನೂ ಒಂದು ಪತ್ರವನ್ನೂ ನೀವೇ ಕೊಟ್ಟು ಕಳಿಸಿ.

ದಿನದ ಆಯ್ಕೆಯೂ ದಾರಿಯ ಆಯ್ಕೆಯಷ್ಟೇ ಮುಖ್ಯ. ಗುರುವಾರ ಮಧ್ಯಾಹ್ನದ ನಂತರ ಗಡುವಿರುವ ಯಾವುದನ್ನೂ ಕಳಿಸದಿರುವುದು ಒಳ್ಳೆಯದು, ಲ್ಯಾಬ್ ಶನಿವಾರ ತೆರೆದಿರುತ್ತದೆ ಎಂದು ಬರಹದಲ್ಲಿ ಹೇಳಿದ್ದರೆ ಬೇರೆ ಮಾತು. ದಸರಾ ವಾರದಲ್ಲಿ, ಅದರಲ್ಲೂ ಜಂಬೂ ಸವಾರಿಯ ದಿನ, ಅರಮನೆಯಿಂದ ಬನ್ನಿಮಂಟಪದವರೆಗಿನ ರಸ್ತೆಗೆ ವಾಹನ ಬರುವುದಿಲ್ಲ. ಆ ಸುತ್ತಿನ ಆಸ್ಪತ್ರೆಯವರು ರೋಗಿಯ ಭೇಟಿಯನ್ನು ಮೊದಲೇ ಅತ್ತಿತ್ತ ಸರಿಸಿಕೊಳ್ಳಬೇಕು. ಕಾವೇರಿ ನೀರಿನ ಗಲಾಟೆ ಎದ್ದರೆ ಮಂಡ್ಯದಲ್ಲಿ ಹೆದ್ದಾರಿ ಬಂದ್ ಆಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್, ಬೆಂಗಳೂರು ಬಂದ್, ಕರ್ನಾಟಕ ಬಂದ್ ಒಂದೇ ವಾರದಲ್ಲಿ ಬಂದವು. ಮೈಸೂರಿನವರು ಮಳವಳ್ಳಿ, ಕನಕಪುರದ ಮೇಲೆ ಹೋಗುವ ದಾರಿಯನ್ನು ಡ್ರೈವರ್‌ಗೆ ಹೇಳಿಟ್ಟಿರಬೇಕು. ಮಳವಳ್ಳಿಯೂ ಮಂಡ್ಯ ಜಿಲ್ಲೆಯೇ, ಅಲ್ಲೂ ತಡೆ ಇರಬಹುದು. ಅಂಥ ವಾರದಲ್ಲಿ ತಡೆದುಕೊಳ್ಳುವ ಸ್ಯಾಂಪಲ್ ಬಿಟ್ಟು ಬೇರೇನೂ ತೆಗೆಯದಿರುವುದೇ ಜಾಣತನ.

ಡಬ್ಬ ಮತ್ತು ಕಾಗದ

ಇಲ್ಲಿ ಆಯ್ಕೆ ಇಲ್ಲ, ನಿಯಮವಿದೆ. ರೋಗಿಯ ರಕ್ತ ವಿಮಾನದಲ್ಲಿ ಹೋಗುವಾಗ ಸಾಮಾನ್ಯವಾಗಿ ಯುಎನ್ 3373, ಕ್ಯಾಟಗರಿ ಬಿ ಎಂಬ ಗುಂಪಿಗೆ ಸೇರುತ್ತದೆ. ಮೂರು ಪದರ ಬೇಕು. ಸೋರದ ಟ್ಯೂಬ್, ಅದರ ಸುತ್ತ ಹೀರುವ ಹತ್ತಿ ಅಥವಾ ಕಾಗದ, ಸೋರದ ಎರಡನೇ ಚೀಲ, ಹೊರಗೆ ಗಟ್ಟಿ ಡಬ್ಬ. ಟ್ಯೂಬ್ ಅಥವಾ ಎರಡನೇ ಪದರ, ಎರಡರಲ್ಲಿ ಒಂದು 95 ಕಿಲೋಪಾಸ್ಕಲ್ ಒತ್ತಡ ತಡೆಯಬೇಕು. ಹೊರಗೆ ವಜ್ರಾಕಾರದ ಗುರುತು, ಬದಿ ಕನಿಷ್ಠ 50 ಮಿಲಿಮೀಟರ್. ಡ್ರೈ ಐಸ್ ಇದ್ದರೆ ಯುಎನ್ 1845 ಲೇಬಲ್, ಎಷ್ಟು ಕೆಜಿ ಎಂದು ಬರೆದಿರಬೇಕು. ಆ ಕೆಜಿ ಖಾಲಿ ಬಿಟ್ಟರೆ ವಿಮಾನ ನಿಲ್ದಾಣದಲ್ಲಿ ಡಬ್ಬ ನಿಂತುಬಿಡುತ್ತದೆ, ಐಸ್ ಕರಗುತ್ತಾ ಹೋಗುತ್ತದೆ. ಪ್ಯಾಕ್ ಮಾಡುವವರ ಐಯಾಟಾ (ವಿಮಾನ ಸಾರಿಗೆ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ತರಬೇತಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು.

ಟ್ಯೂಬಿನ ಮೇಲೆ ರೋಗಿಯ ಹೆಸರು ಇರಬಾರದು, ಟ್ರಯಲ್ ನಂಬರ್ ಮಾತ್ರ. ಬ್ಲಾಕ್ ಜೊತೆ ಕಳಿಸುವ ಪೆಥಾಲಜಿ ರಿಪೋರ್ಟ್‌ನಲ್ಲೂ ಹೆಸರು, ಆಸ್ಪತ್ರೆ ನಂಬರ್ ಅಳಿಸಬೇಕು. ಕಪ್ಪು ಮಾರ್ಕರ್ ಹಚ್ಚಿದರೆ ಸಾಲದು. ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದೆ. ಹಚ್ಚಿದ ಮೇಲೆ ಮತ್ತೆ ಜೆರಾಕ್ಸ್ ಮಾಡಿ, ಆ ಜೆರಾಕ್ಸ್ ಕಳಿಸಿ. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 05-06 ಎಂದರೆ ಹೊರದೇಶದವರು ಉಲ್ಟಾ ಓದುತ್ತಾರೆ.

ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ, ಉಳಿದದ್ದನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುತ್ತಾರಾ ಎಂಬುದು ಕನ್ನಡದ ಒಪ್ಪಿಗೆ ಪತ್ರದಲ್ಲಿ ಬೇರೆಯಾಗಿ ಇರಬೇಕು. ಮುಂದಿನ ಸಂಶೋಧನೆಗೆ ಬೇಡ ಎಂದವರೂ ಟ್ರಯಲ್‌ನಲ್ಲಿ ಇರಬಹುದು, ಅದು ಬೇರೆ ಸಹಿ. “ಎಷ್ಟು ರಕ್ತ ತೆಗೀತೀರಮ್ಮ?” ಎಂದು ಕೇಳಿದರೆ ಮಿಲಿಲೀಟರ್ ಹೇಳಬೇಡಿ. ಹತ್ತು ಮಿಲಿಲೀಟರ್ ಎಂದರೆ ಎರಡು ಟೀ ಚಮಚ ಎಂದು ಹೇಳಿ, ಮುಖದಲ್ಲಿ ಭಯ ಇಳಿಯುತ್ತದೆ.

ಹೊರದೇಶಕ್ಕೆ ಕಳಿಸುವುದಿದ್ದರೆ, 2016ರ ಆಗಸ್ಟ್‌ನಲ್ಲಿ ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಹೊರಡಿಸಿದ ಆದೇಶದ ನಂತರ ವಾಣಿಜ್ಯ ಉದ್ದೇಶದ ಮಾನವ ಸ್ಯಾಂಪಲ್‌ಗೆ ಬೇರೆ ಅನುಮತಿ ಪತ್ರ ಬೇಡ, ನಿಯಮ ಪಾಲಿಸುತ್ತೇವೆ ಎಂಬ ಮುಚ್ಚಳಿಕೆ ಸಾಕು. ಹೊರದೇಶದ ಸಂಸ್ಥೆಯ ಜೊತೆಗಿನ ಸಂಶೋಧನಾ ಸಹಯೋಗವಾದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆ ಬೇಕಾಗುತ್ತದೆ. ಎರಡರಲ್ಲಿ ನಿಮ್ಮದು ಯಾವುದು ಎಂದು ಟ್ರಯಲ್ ಶುರುವಾಗುವ ಮುಂಚೆ ತಿಳಿದುಕೊಳ್ಳಿ.

ವಾಹನ ಬರದಿದ್ದರೆ?

ಹೆಪ್ಪುಗಟ್ಟಿಸಿದ ಸ್ಯಾಂಪಲ್‌ನ ಡಬ್ಬ ಕಟ್ಟಿಟ್ಟ ಮೇಲೆ ಸಂಜೆ ಆರಕ್ಕೆ ಫೋನ್ ಬರುತ್ತದೆ, ‘ಇವತ್ತು ಗಾಡಿ ಬರಲ್ಲ’ ಎಂದು. ಆಗ ಇರುವುದು ಎರಡು ಆಯ್ಕೆ. ಡಬ್ಬದಲ್ಲೇ ಬಿಟ್ಟು ಡ್ರೈ ಐಸ್ ಮೇಲೆ ತುಂಬುವುದು, ಅಥವಾ ಬಿಚ್ಚಿ ಮೈನಸ್ 80 ಫ್ರೀಜರ್‌ಗೆ ವಾಪಸ್ ಇಡುವುದು. ಐಸ್ ಸಿಗುತ್ತದೆ, ನಾಳೆ ಬೆಳಿಗ್ಗೆ ವಾಹನ ಖಂಡಿತ ಎಂದಾದರೆ ಮೊದಲನೆಯದು ಸರಿ. ಕೈಯಲ್ಲಿ ಐಸ್ ಇಲ್ಲ, ಅಥವಾ ನಾಳೆಯೂ ಅನುಮಾನ ಎಂದಾದರೆ ಎರಡನೆಯದೇ ಸರಿ. ಫ್ರೀಜರ್ ಜನರೇಟರ್ ಲೈನಿನಲ್ಲಿದೆಯಾ, ಅಲಾರಂ ರಾತ್ರಿ ಯಾರ ಫೋನಿಗೆ ಹೋಗುತ್ತದೆ ಎಂದು ಆಗಲೇ ವಿಚಾರಿಸಿಕೊಳ್ಳಿ. ಡಬ್ಬದೊಳಗಿನ ತಾಪ ದಾಖಲಿಸುವ ಲಾಗರ್ ನಿಲ್ಲಿಸದೆ ಹಾಗೇ ಓಡಲಿ. ಟ್ಯೂಬ್‌ಗಳನ್ನು ಒಂದೊಂದಾಗಿ ಎತ್ತಿ ಲೇಬಲ್ ನೋಡುತ್ತಾ ನಿಲ್ಲಬೇಡಿ, ರ‍್ಯಾಕ್ ಸಮೇತ ಒಳಗಿಡಿ. ಎಷ್ಟು ಗಂಟೆಗೆ ತೆರೆದಿರಿ, ಎಷ್ಟಕ್ಕೆ ಫ್ರೀಜರ್ ಬಾಗಿಲು ಹಾಕಿದಿರಿ ಎಂದು ಬರೆದು ಸಹಿ ಮಾಡಿ, ಅದೇ ರಾತ್ರಿ ಸ್ಯಾಂಪಲ್ ತಲುಪಬೇಕಾದ ಸೆಂಟ್ರಲ್ ಲ್ಯಾಬ್‌ಗೆ ಮೇಲ್ ಹಾಕಿ.